ಕಾರ್ಖಾನೆ ಬಿಟ್ಟ ದಿನದ ಕಾರು

ಅಮೆರಿಕದಲ್ಲಿ 1964ರಿಂದ 1974ರವರೆಗಿನ ಹತ್ತು ವರ್ಷಗಳಲ್ಲಿ ತಯಾರಾದ, ಮಧ್ಯಮ ಗಾತ್ರದ ಎರಡು ಬಾಗಿಲಿನ ಒಡಲಿಗೆ ದೊಡ್ಡ ಕಾರುಗಳಿಗೆಂದು ರೂಪಿಸಿದ್ದ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ, ಆಗತಾನೇ ದುಡಿಮೆಗೆ ಇಳಿದಿದ್ದ ತರುಣರ ಕೈಗೆಟಕುವ ಬೆಲೆಗೆ ಮಾರಿದ ವಾಹನಗಳನ್ನು ಮಸಲ್ ಕಾರು ಎಂದು ಕರೆಯುವುದು ರೂಢಿಯಾಗಿದೆ. ಅವುಗಳ ತಯಾರಿಕೆ ನಿಂತು ಅರ್ಧ ಶತಮಾನ ಕಳೆದಿದ್ದರೂ ಹಳೆಯ ಕೊಟ್ಟಿಗೆಗಳಿಂದಲೂ ಗುಜರಿ ಅಂಗಳಗಳಿಂದಲೂ ಅವನ್ನು ಹುಡುಕಿ ತಂದು, ತುಕ್ಕು ಹಿಡಿದ ತಗಡನ್ನು ಕತ್ತರಿಸಿ ತೆಗೆದು, ಎಂಜಿನ್ ಬಿಚ್ಚಿ ಜೋಡಿಸಿ, ಮತ್ತೆ ರಸ್ತೆಗಿಳಿಸುವ ಹವ್ಯಾಸ ತಲೆಮಾರಿನಿಂದ ತಲೆಮಾರಿಗೆ ದಾಟುತ್ತ ಬಂದಿದೆ. ಈ ಹವ್ಯಾಸಿಗಳಲ್ಲಿ ಎರಡು ಪಂಗಡಗಳಿವೆ. ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ, ಒಂದು ಬೋಲ್ಟೂ ಬದಲಾಗದಂತೆ ಅದರ ಜೀರ್ಣೋದ್ಧಾರವಾಗಬೇಕು ಎನ್ನುವವರು ಒಂದು ಕಡೆಯವರು. ಹೊರನೋಟವನ್ನು ಉಳಿಸಿಕೊಂಡು ಒಳಗಿನ ಯಂತ್ರಾಂಗವನ್ನು ಇಂದಿನ ಕಾಲಕ್ಕೆ ತಕ್ಕಂತೆ ಮಾರ್ಪಡಿಸುವುದರಲ್ಲಿ ತಪ್ಪೇನಿದೆ ಎಂದು ಕೇಳುವವರು ಇನ್ನೊಂದು ಕಡೆಯವರು. ಮೊದಲಿನವರ ದೃಷ್ಟಿಯಲ್ಲಿ ಎರಡನೆಯವರು ಇತಿಹಾಸವನ್ನು ಹಾಳುಗೆಡಹುವವರು, ಎರಡನೆಯವರ ದೃಷ್ಟಿಯಲ್ಲಿ ಮೊದಲಿನವರು ಓಡಬೇಕಾದ ಯಂತ್ರವನ್ನು ಬಟ್ಟೆ ಹೊದಿಸಿ ಪೂಜಿಸುವವರು.

ಈ ಜಗಳದಲ್ಲಿ ಇಬ್ಬರೂ ಪ್ರಶ್ನಿಸದೆ ಒಪ್ಪಿಕೊಂಡಿರುವ ಒಂದು ಸಂಗತಿಯಿದೆ; ಅದೆಂದರೆ, ಈ ಕಾರುಗಳಿಗೆ ಖಚಿತವಾದ ಮೂಲರೂಪವೊಂದು ಇತ್ತು ಎಂಬುದು. ಮಸಲ್ ಕಾರಿನ ಇತಿಹಾಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ನಂಬಿಕೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಕಾರ್ಖಾನೆಯಲ್ಲೂ, ಮಾರಾಟಗಾರನ ಗ್ಯಾರೇಜಿನಲ್ಲೂ, ಮೊದಲ ಯಜಮಾನನ ಮನೆಯಂಗಳದಲ್ಲೂ ಒಂದರ ಮೇಲೊಂದರಂತೆ ಮಾರ್ಪಾಡಾಗುತ್ತಲೇ ಈ ವಾಹನ ವರ್ಗ ರೂಪುಗೊಂಡಿತು.

ನಿಯಮ ನುಣುಚಿಕೊಂಡು ಹುಟ್ಟಿದ ಕಾರು

ಈ ಬಗೆಯ ಮೊದಲ ಕಾರೆಂದು ಬಹುಮಂದಿ ಒಪ್ಪುವ 1964ರ ಪಾಂಟಿಯಾಕ್ ಜಿಟಿಒ ಹುಟ್ಟಿದ್ದೇ ಕಂಪನಿಯ ಸ್ವಂತ ಕಟ್ಟಳೆಯಿಂದ ನುಣುಚಿಕೊಳ್ಳುವ ಉಪಾಯವಾಗಿ. ಪಾಂಟಿಯಾಕ್‌ನ ಮಾತೃಸಂಸ್ಥೆಯಾದ ಜನರಲ್ ಮೋಟರ್ಸ್ 1963ರ ಆರಂಭದಲ್ಲಿ ತನ್ನ ಎಲ್ಲ ವಿಭಾಗಗಳೂ ಮೋಟಾರು ಪಂದ್ಯಗಳಿಂದ ದೂರ ಸರಿಯಬೇಕೆಂದು ಆದೇಶಿಸಿತ್ತು. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ, ಅಂದರೆ ಸುಮಾರು 5.4 ಲೀಟರಿಗಿಂತ ದೊಡ್ಡ ಎಂಜಿನ್ ಇರಕೂಡದೆಂಬ ಮಿತಿಯನ್ನೂ ವಿಧಿಸಿತ್ತು. ಈ ಅಳತೆ ಸಿಲಿಂಡರುಗಳೊಳಗೆ ಪಿಸ್ಟನ್‌ಗಳು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಚಲಿಸುವಾಗ ತೆರವಾಗುವ ಒಟ್ಟು ಜಾಗದ್ದು. ಅದು ಹಿಗ್ಗಿದಷ್ಟೂ ಒಂದು ಸಲಕ್ಕೆ ಉರಿಯುವ ಗಾಳಿ–ಪೆಟ್ರೋಲ್ ಮಿಶ್ರಣದ ಪ್ರಮಾಣ ಹೆಚ್ಚುತ್ತದೆ, ಬಲವೂ ಹೆಚ್ಚುತ್ತದೆ. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಅವನ ಸಹೋದ್ಯೋಗಿಗಳಾದ ಬಿಲ್ ಕಾಲಿನ್ಸ್, ರಸ್ ಗೀ ಗಮನಿಸಿದ್ದು ಇಷ್ಟೆ: ದೊಡ್ಡ ಕಾರುಗಳ 389 ಘನ ಅಂಗುಲದ ಎಂಜಿನ್ ಮತ್ತು ಮಧ್ಯಮ ಕಾರುಗಳ 326 ಘನ ಅಂಗುಲದ ಎಂಜಿನ್, ಇವೆರಡರ ಹೊರ ಅಳತೆ ಒಂದೇ ಆಗಿದ್ದುದರಿಂದ ದೊಡ್ಡದು ಚಿಕ್ಕದರ ಜಾಗದಲ್ಲಿ ಸಲೀಸಾಗಿ ಕೂರುತ್ತಿತ್ತು. ಮಿತಿಯು ಹೊಸ ಮಾದರಿಗಳಿಗೆ ಅನ್ವಯಿಸುತ್ತದೆಯೇ ಹೊರತು ಗ್ರಾಹಕ ತಾನಾಗಿ ಕೇಳಿ ಪಡೆಯುವ ಹೆಚ್ಚುವರಿ ಸಲಕರಣೆಗಳಿಗಲ್ಲ ಎಂಬ ತರ್ಕ ಹೂಡಿ, ಟೆಂಪೆಸ್ಟ್ ಲಿಮಾನ್ಸ್ ಎಂಬ ಸಾಧು ಕಾರಿಗೆ ಸುಮಾರು 295 ಡಾಲರಿನ ಐಚ್ಛಿಕ ಸಲಕರಣೆಗಳ ಕಟ್ಟಾಗಿ ಜಿಟಿಒ ಹೊರಬಂದಿತು. ನಾಲ್ಕು ಬಾಯಿಯ ಒಂದು ಕಾರ್ಬ್ಯುರೇಟರ್ ಇದ್ದರೆ 325, ಎರಡು ಬಾಯಿಯ ಮೂರು ಕಾರ್ಬ್ಯುರೇಟರುಗಳಿದ್ದರೆ 348 ಅಶ್ವಶಕ್ತಿ ಎಂದು ಕಂಪನಿ ಹೇಳಿಕೊಂಡಿತು. ಐದು ಸಾವಿರ ಮಾರಾಟವಾದರೆ ಸಾಕೆಂದು ಕಂಪನಿ ಎಣಿಸಿತ್ತು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು.

ಈ ಕಾರಿನ ಕೀರ್ತಿಯನ್ನು ಹಬ್ಬಿಸಿದ್ದು ‘ಕಾರ್ ಅಂಡ್ ಡ್ರೈವರ್’ ಪತ್ರಿಕೆಯ 1964ರ ಮಾರ್ಚ್ ಸಂಚಿಕೆ. ಇಟಲಿಯ ಫೆರಾರಿ ಜಿಟಿಒದಿಂದ ಹೆಸರು ಎರವಲು ಪಡೆದಿದ್ದ ಪಾಂಟಿಯಾಕನ್ನು ಆ ಸಂಚಿಕೆ ಅದೇ ಫೆರಾರಿಗೆ ಹೋಲಿಸಿತ್ತು. ಪರೀಕ್ಷೆಗೆ ಕೊಟ್ಟ ಪಾಂಟಿಯಾಕ್‌ನಲ್ಲಿ ಇದ್ದದ್ದು 389ರ ಎಂಜಿನ್ ಅಲ್ಲ, ಅದರ ವೇಷ ಹಾಕಿಸಿದ್ದ 421 ಘನ ಅಂಗುಲದ ಎಂಜಿನ್ ಎಂಬುದನ್ನು ಪಾಂಟಿಯಾಕ್‌ನ ಪ್ರಚಾರದ ಹಿಂದಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ನಂತರ ಒಪ್ಪಿಕೊಂಡ. ಮೂಲರೂಪದ ಪಾವಿತ್ರ್ಯವನ್ನು ಎತ್ತಿಹಿಡಿಯುವವರು ಮರೆಯಬಾರದ ಸಂಗತಿಯಿದು: ಇಡೀ ವರ್ಗಕ್ಕೆ ಹೆಸರು ತಂದುಕೊಟ್ಟ ಆ ಪರೀಕ್ಷೆಯಲ್ಲೇ ಎಂಜಿನ್ ಬದಲಾಗಿತ್ತು. ಪರೀಕ್ಷೆಯ ಕಾರನ್ನು ಸಿದ್ಧಪಡಿಸಿದ್ದು ಮಿಶಿಗನ್ನಿನ ರಾಯಲ್ ಓಕ್‌ನಲ್ಲಿದ್ದ ರಾಯಲ್ ಪಾಂಟಿಯಾಕ್ ಎಂಬ ಮಾರಾಟ ಮಳಿಗೆ. ತೆಳುವಾದ ಹೆಡ್ ಗ್ಯಾಸ್ಕೆಟ್ ಹಾಕಿ, ಕಾರ್ಬ್ಯುರೇಟರಿನ ಜೆಟ್ ಹಿಗ್ಗಿಸಿ, ಕಿಡಿ ಹಾರುವ ಗಳಿಗೆಯನ್ನು ತಿದ್ದಿ ಹೆಚ್ಚು ವೇಗ ಹೊರಡಿಸುವ ‘ಬಾಬ್‌ಕ್ಯಾಟ್’ ಎಂಬ ಕಿಟ್ಟನ್ನು ಅದು ಯಾರಿಗೆ ಬೇಕಾದರೂ ಮಾರುತ್ತಿತ್ತು.

ಇಂತಹ ಮಳಿಗೆಗಳು ಇನ್ನೂ ಹಲವಿದ್ದವು. ಪೆನ್ಸಿಲ್ವೇನಿಯದ ಕ್ಯಾನನ್ಸ್‌ಬರ್ಗ್‌ನಲ್ಲಿದ್ದ ಡಾನ್ ಯೆಂಕೊ, ಷೆವ್ರೊಲೆ ಕಮಾರೊ ಕಾರಿನಲ್ಲಿ 400 ಘನ ಅಂಗುಲ ಮೀರಿದ ಎಂಜಿನ್ ಹಾಕಲು ಜನರಲ್ ಮೋಟರ್ಸ್ ಒಪ್ಪದೆ ಇದ್ದಾಗ, ಕಾರುಗಳನ್ನು ತರಿಸಿಕೊಂಡು ತನ್ನ ಗ್ಯಾರೇಜಿನಲ್ಲೇ 427ರ ಎಂಜಿನ್ ಕೂರಿಸಿ ಮಾರಿದ. 1969ರ ವೇಳೆಗೆ ಅವನು ಇನ್ನೊಂದು ದಾರಿ ಕಂಡುಕೊಂಡಿದ್ದ. ಪೊಲೀಸ್ ವಾಹನ, ಟ್ಯಾಕ್ಸಿ ಮುಂತಾದ ವಿಶೇಷ ಬೇಡಿಕೆಗಳಿಗೆಂದು ಕಂಪನಿ ಇಟ್ಟುಕೊಂಡಿದ್ದ, ಕೋಪೊ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಕೇಂದ್ರ ಕಚೇರಿಯ ಉತ್ಪಾದನಾ ಆದೇಶದ ಮೂಲಕ, ಕಂಪನಿಯೇ ನಿಷೇಧಿಸಿದ್ದ ಎಂಜಿನ್ ಕಂಪನಿಯ ಕಾರ್ಖಾನೆಯಲ್ಲೇ ಕೂರತೊಡಗಿತು. ಇದೇ ದಾರಿಯಲ್ಲಿ ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಫ್ರೆಡ್ ಗಿಬ್ ಎಂಬ ಮಾರಾಟಗಾರ ಪೂರ್ತಿ ಅಲ್ಯುಮಿನಿಯಮ್ಮಿನ 427 ಎಂಜಿನ್ ಇರುವ 50 ಕಮಾರೊಗಳಿಗೆ ಬೇಡಿಕೆ ಸಲ್ಲಿಸಿದ. ಬೆಲೆ ಏಳು ಸಾವಿರ ಡಾಲರು ಮೀರಿದಾಗ ಕೊಳ್ಳುವವರಿಲ್ಲದೆ ಅವುಗಳಲ್ಲಿ ಬಹುಪಾಲನ್ನು ಹಿಂತಿರುಗಿಸಬೇಕಾಯಿತು. ಝಡ್‌ಎಲ್-1 ಎಂದು ಹೆಸರಾದ ಈ ಕಮಾರೊಗಳು ಒಟ್ಟು ತಯಾರಾದದ್ದು 69. ಅಂದು ಯಾರಿಗೂ ಬೇಡವಾಗಿದ್ದ ಅವು ಇಂದು ಹರಾಜಿಗೆ ಬಂದರೆ ಸಿರಿವಂತರು ಪೈಪೋಟಿಗೆ ಇಳಿಯುತ್ತಾರೆ.

ಇನ್ನು ಕೊಂಡವರ ವಿಷಯ. ಎರಡನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಒಣಗಿದ ಕೆರೆಯಂಗಳಗಳಲ್ಲಿ ಹಳೆಯ ಫೋರ್ಡ್ ಕಾರುಗಳನ್ನು ಹಗುರಗೊಳಿಸಿ ಓಡಿಸುತ್ತಿದ್ದ ಹಾಟ್‌ರಾಡ್ ಪರಂಪರೆ 1948ರಲ್ಲಿ ತನ್ನದೇ ಪತ್ರಿಕೆಯನ್ನೂ, 1951ರಲ್ಲಿ ಡ್ರ್ಯಾಗ್ ಪಂದ್ಯಗಳನ್ನು ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯನ್ನೂ ಕಟ್ಟಿಕೊಂಡಿತ್ತು. ಕಾಲು ಮೈಲಿಯ ನೇರ ಓಟದಲ್ಲಿ ಗೆಲ್ಲುವುದಕ್ಕೆಂದು ಎಡೆಲ್‌ಬ್ರಾಕ್, ಹಾಲಿ, ಹರ್ಸ್ಟ್ ಮೊದಲಾದ ಕಂಪನಿಗಳು ಮ್ಯಾನಿಫೋಲ್ಡ್, ಕಾರ್ಬ್ಯುರೇಟರ್, ಗೇರ್ ಕೋಲುಗಳನ್ನು ಮಾರುತ್ತಿದ್ದವು. ಇಂತಹ ತಯಾರಕರು ಸೇರಿ 1963ರಲ್ಲಿ ಕಟ್ಟಿದ ಸೀಮಾ ಎಂಬ ಸಂಘ ಇಂದಿಗೂ ಪ್ರತಿವರ್ಷ ಲಾಸ್ ವೇಗಸ್‌ನಲ್ಲಿ ದೊಡ್ಡ ಮೇಳ ನಡೆಸುತ್ತದೆ. ಈ ವಾತಾವರಣದಲ್ಲಿ ಬೆಳೆದ ತರುಣ ಹೊಸ ಕಾರನ್ನು ಮನೆಗೆ ತಂದ ವಾರದಲ್ಲೇ ಕಾರ್ಖಾನೆಯ ಹೊಗೆಕೊಳವೆ ಬಿಚ್ಚಿ ಬಿಸಾಡುತ್ತಿದ್ದ, ಕ್ರೋಮ್ ಲೇಪದ ಚಕ್ರಗಳನ್ನು ಹಾಕಿಸುತ್ತಿದ್ದ, ಹಿಂದಿನ ಸ್ಪ್ರಿಂಗಿಗೆ ಆನಿಕೆ ಕಟ್ಟುತ್ತಿದ್ದ. ಕಾರ್ಖಾನೆ ಬಿಟ್ಟ ದಿನದ ರೂಪದಲ್ಲೇ ಉಳಿದ ಕಾರುಗಳು ಹೆಚ್ಚಾಗಿ ವೇಗದ ಗೀಳಿಲ್ಲದ ಯಜಮಾನರ ಪಾಲಿಗೆ ಬಂದವು ಎಂದರೆ ತಪ್ಪಾಗಲಾರದು.

ಈ ಭರಾಟೆಯ ಅಂತ್ಯ ಬೇಗ ಬಂತು. ವಿಮಾ ಕಂಪನಿಗಳು ತರುಣ ಚಾಲಕರ ಕಂತನ್ನು ವಿಪರೀತ ಏರಿಸಿದವು, 1970ರ ಶುದ್ಧ ಗಾಳಿ ಕಾಯಿದೆ ಹೊಗೆಗೆ ಮಿತಿ ಹಾಕಿತು, ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದಿಸಲು 1971ರಲ್ಲಿ ಜನರಲ್ ಮೋಟರ್ಸ್ ಎಂಜಿನ್‌ಗಳ ಸಂಪೀಡನ ಅನುಪಾತವನ್ನು ತಗ್ಗಿಸಿತು, 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. 1972ರಲ್ಲಿ ಬಲವನ್ನು ಅಳೆಯುವ ಕ್ರಮವೂ ಬದಲಾಯಿತು. ಅದುವರೆಗೆ ಎಂಜಿನ್ನನ್ನು ಒಂಟಿಯಾಗಿ ಪರೀಕ್ಷಾ ಪೀಠದ ಮೇಲಿಟ್ಟು, ಕಾರಿನ ಹೊಗೆಕೊಳವೆಯಾಗಲೀ ಇತರ ಉಪಾಂಗಗಳಾಗಲೀ ಇಲ್ಲದೆ ಅಳೆದ ಸಂಖ್ಯೆಯನ್ನು ಜಾಹೀರಾತಿನಲ್ಲಿ ಹಾಕುತ್ತಿದ್ದರು. ಇನ್ನು ಮುಂದೆ ಎಲ್ಲವನ್ನೂ ಜೋಡಿಸಿದ ಮೇಲೆ ಉಳಿಯುವ ನಿವ್ವಳ ಬಲವನ್ನು ಹೇಳುವುದಾಯಿತು. ಹೀಗಾಗಿ 1971ರಲ್ಲಿ 365 ಅಶ್ವಶಕ್ತಿಯದೆಂದು ಮಾರಿದ್ದ ಷೆವ್ರೊಲೆಯ 454 ಘನ ಅಂಗುಲದ ಎಂಜಿನ್ ಮರುವರ್ಷ ಕಾಗದದ ಮೇಲೆ 270ಕ್ಕೆ ಇಳಿಯಿತು. ಹಳೆಯ ಕಾರುಗಳ ಬಲದ ಬಗ್ಗೆ ಇಂದಿಗೂ ಹೇಳುವ ಮಾತುಗಳಲ್ಲಿ ಹಲವು ಈ ಅಳತೆಯ ಗೊಂದಲದಿಂದ ಹುಟ್ಟಿದವು.

ತುಕ್ಕು, ಕಾಗದ, ಬಣ್ಣ

ಜೀರ್ಣೋದ್ಧಾರಕ್ಕೆ ಕೈಹಾಕಿದವನ ಮೊದಲ ಶತ್ರು ತುಕ್ಕು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ಕಾರವಾರ–ಮಂಗಳೂರುಗಳ ಕಡಲಗಾಳಿ ಅಲ್ಲಿನ ವಾಹನಗಳಿಗೆ ಮಾಡುವ ಅನಾಹುತವನ್ನೇ ಇನ್ನೂ ವೇಗವಾಗಿ ಮಾಡುತ್ತದೆ. ಆದ್ದರಿಂದಲೇ ಅರಿಜೋನದಂತಹ ಮರುಭೂಮಿ ಸೀಮೆಯಲ್ಲಿ ಬಣ್ಣ ಸುಟ್ಟು, ಸೀಟು ಸೀಳಿ ಬಿದ್ದಿರುವ ಕಾರಿಗೂ ಮಿಶಿಗನ್ನಿನ ಹೊಳೆಯುವ ಕಾರಿಗಿಂತ ಹೆಚ್ಚು ಬೆಲೆ ಬರುವುದುಂಟು. ತುಕ್ಕು ಎಲ್ಲಿ ಕೂರುತ್ತದೆ ಎಂಬುದು ಕಾರಿನ ರಚನೆಯನ್ನು ಅವಲಂಬಿಸಿದೆ. ಜಿಟಿಒ, ಷೆವ್ರೊಲೆಯ ಷೆವೆಲ್ ಮೊದಲಾದವುಗಳಲ್ಲಿ ಒಡಲು ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿನ ಮೇಲೆ ಕೂತಿರುತ್ತದೆ. ಫೋರ್ಡ್‌ನ ಮಸ್ಟಾಂಗ್, ಕ್ರೈಸ್ಲರ್‌ನ ಚಾರ್ಜರ್‌ಗಳಲ್ಲಿ ಅಂತಹ ಚೌಕಟ್ಟಿಲ್ಲದೆ ತಗಡಿನ ಒಡಲೇ ಭಾರ ಹೊರುತ್ತದೆ, ಹಾಗಾಗಿ ನೆಲದ ತಗಡು ಕರಗಿದರೆ ಕಾರಿನ ಬೆನ್ನೆಲುಬೇ ಮುರಿದಂತೆ. ಮಸ್ಟಾಂಗ್‌ನ ಮುಂಗಾಜಿನ ಬುಡದಲ್ಲಿ ಗಾಳಿ ಒಳಬರಲು ಇರುವ ಪೆಟ್ಟಿಗೆಯಂತಹ ಭಾಗ ಒಳಗಿಂದೊಳಗೆ ತುಕ್ಕು ತಿಂದು, ಮಳೆನೀರು ಚಾಲಕನ ಕಾಲಬುಡಕ್ಕೆ ಸೋರುತ್ತದೆ. ಅಂದಿನ ಫ್ಯಾಷನ್ ಆಗಿದ್ದ ವಿನೈಲ್ ಹೊದಿಕೆಯ ಛಾವಣಿ ತನ್ನಡಿಯಲ್ಲಿ ನೀರನ್ನು ಹಿಡಿದಿಟ್ಟು ಹಿಂಗಾಜಿನ ಸುತ್ತ ತಗಡನ್ನು ಜರಡಿಯಾಗಿಸುತ್ತದೆ.

ಕೆಲಸ ಶುರುವಾಗುವುದು ಎಲ್ಲವನ್ನೂ ಬಿಚ್ಚುವುದರಿಂದ. ಬಿಚ್ಚಿದ ಪ್ರತಿ ತುಣುಕನ್ನೂ ಚೀಲಕ್ಕೆ ಹಾಕಿ ಹೆಸರು ಬರೆದು, ಫೋಟೊ ತೆಗೆದಿಟ್ಟು, ಬರಿದಾದ ಒಡಲನ್ನು ಸುತ್ತಲೂ ತಿರುಗಿಸಬಲ್ಲ ಉಕ್ಕಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಹಳೆಯ ಬಣ್ಣವನ್ನು ಒತ್ತಡದ ಗಾಳಿಯಿಂದ ಹೊಡೆದು ತೆಗೆಯುತ್ತಾರೆ. ಒರಟು ಮರಳು ಬಳಸಿದರೆ ಅಗಲವಾದ ತಗಡು ಬಿಸಿಯಾಗಿ ಸೊಟ್ಟಗಾಗುವುದರಿಂದ ಬಾನೆಟ್, ಛಾವಣಿಗಳಿಗೆ ಸೋಡಾ ಪುಡಿಯನ್ನೋ ಅಕ್ರೋಟಿನ ಚಿಪ್ಪಿನ ಪುಡಿಯನ್ನೋ ಬಳಸುವುದು ಕ್ರಮ. ಈ ಹಂತದಲ್ಲೇ ಹಿಂದಿನವರ ಗುಟ್ಟುಗಳು ಬಯಲಾಗುತ್ತವೆ. ಕನ್ನಡನಾಡಿನ ಟಿಂಕರಿಂಗ್ ಗ್ಯಾರೇಜುಗಳಲ್ಲಿ ಪುಟ್ಟಿ ಎಂದು ಕರೆಯುವ ಲೇಪವನ್ನು ತುಕ್ಕಿನ ತೂತಿನ ಮೇಲೆ ಬೆರಳು ದಪ್ಪ ಮೆತ್ತಿ ಬಣ್ಣ ಬಳಿದು ಮಾರಿದ ಕಾರುಗಳಿಗೆ ಅಮೆರಿಕದಲ್ಲೂ ಬರವಿಲ್ಲ. ಕೊಳೆತ ಭಾಗವನ್ನು ಕತ್ತರಿಸಿ, ಹೊಸ ತಗಡನ್ನು ಬೆಸೆದು, ಎಪಾಕ್ಸಿ ಪ್ರೈಮರ್ ಹೊಡೆದು, ಉದ್ದನೆಯ ಹಲಗೆಗೆ ಉಜ್ಜುಕಾಗದ ಸುತ್ತಿ ವಾರಗಟ್ಟಲೆ ಉಜ್ಜಿದ ಮೇಲಷ್ಟೇ ಬಣ್ಣದ ಸರದಿ ಬರುತ್ತದೆ.

ಲೋಹಕ್ಕಿಂತ ಕಾಗದಕ್ಕೇ ಹೆಚ್ಚು ಬೆಲೆ ಬರುವುದು ಈ ಹವ್ಯಾಸದ ವಿಚಿತ್ರ. ಪ್ರತಿ ಕಾರಿಗೂ ಒಂದು ಗುರುತಿನ ಸಂಖ್ಯೆಯಿದ್ದು, 1968ರ ಸುಮಾರಿನಿಂದ ಅದರ ಒಂದು ಭಾಗವನ್ನು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ಮೇಲೂ ಒತ್ತುವುದು ರೂಢಿಗೆ ಬಂತು; ಮೂರೂ ಕಡೆ ಒಂದೇ ಸಂಖ್ಯೆಯಿದ್ದರೆ ಕಾರು ಹುಟ್ಟಿದಾಗಿನ ಎಂಜಿನ್ನನ್ನೇ ಹೊತ್ತಿದೆ ಎಂದು ಅರ್ಥ. ಕ್ರೈಸ್ಲರ್ ಕಾರುಗಳ ಎಂಜಿನ್ ಗೂಡಿನಲ್ಲಿರುವ ಸಣ್ಣ ತಗಡಿನ ಬಿಲ್ಲೆಯ ಮೇಲೆ ಬಣ್ಣ, ಎಂಜಿನ್, ಸೀಟುಗಳ ಸಂಕೇತಗಳು ಕೊರೆದಿರುತ್ತವೆ. ಜೋಡಣೆ ಸಾಲಿನ ಕೆಲಸಗಾರರಿಗೆ ಯಾವ ಭಾಗ ಹಾಕಬೇಕೆಂದು ತಿಳಿಸಲು ಮುದ್ರಿಸಿದ್ದ ಹಾಳೆಗಳು ಅವರ ಕೈಯಿಂದ ಸೀಟಿನ ಸ್ಪ್ರಿಂಗುಗಳ ನಡುವೆಯೋ ಪೆಟ್ರೋಲ್ ಟ್ಯಾಂಕಿನ ಮೇಲೆಯೋ ಸಿಕ್ಕಿಕೊಂಡು ಉಳಿದು, ಐವತ್ತು ವರ್ಷಗಳ ನಂತರ ಇಲಿ ಕಡಿದ ಸ್ಥಿತಿಯಲ್ಲಿ ದೊರೆತರೂ ಕಾರಿನ ಬೆಲೆಯನ್ನು ಗಣನೀಯವಾಗಿ ಏರಿಸುತ್ತವೆ. ಪಾಂಟಿಯಾಕ್ ಕಾರುಗಳಿಗೆ ಪಿಎಚ್‌ಎಸ್ ಎಂಬ ಸಂಸ್ಥೆಯೂ, 1967ರಿಂದೀಚಿನ ಫೋರ್ಡ್ ಕಾರುಗಳಿಗೆ ಮಾರ್ಟಿ ವರದಿಯೂ ಕಾರ್ಖಾನೆಯ ದಾಖಲೆಯನ್ನು ಒದಗಿಸುತ್ತವೆ. 1964 ಮತ್ತು 1965ರ ಜಿಟಿಒ ಐಚ್ಛಿಕ ಕಟ್ಟಾಗಿದ್ದುದರಿಂದ ಗುರುತಿನ ಸಂಖ್ಯೆಯಲ್ಲಿ ಅದರ ಸುಳಿವೇ ಇಲ್ಲ. ದಾಖಲೆಯಿಲ್ಲದಿದ್ದರೆ ಅಸಲಿ ಜಿಟಿಒಗೂ ಆಮೇಲೆ ಜಿಟಿಒ ಮಾಡಿಸಿದ ಲಿಮಾನ್ಸ್‌ಗೂ ವ್ಯತ್ಯಾಸ ಹೇಳುವುದು ಕಷ್ಟ. ಅಮೆರಿಕದಲ್ಲಿ ತಯಾರಾದ ಷೆವ್ರೊಲೆಗಳಿಗಂತೂ ಇಂತಹ ವ್ಯವಸ್ಥಿತ ದಾಖಲೆ ಉಳಿದಿಲ್ಲವಾದ್ದರಿಂದ ಅವುಗಳ ಸುತ್ತಲೇ ಹೆಚ್ಚು ಮೋಸ ನಡೆಯುತ್ತದೆ. ಎಂಜಿನ್ ಮೇಲಿನ ಸಂಖ್ಯೆಯನ್ನು ಉಜ್ಜಿ ತೆಗೆದು ಹೊಸದಾಗಿ ಒತ್ತುವವರಿದ್ದಾರೆ. ಅದನ್ನು ಹಿಡಿಯಲು ತಜ್ಞರು ನೋಡುವುದು ಅಂಕೆಗಳನ್ನಷ್ಟೇ ಅಲ್ಲ, ಕಾರ್ಖಾನೆಯ ಯಂತ್ರ ಆ ಜಾಗವನ್ನು ಸಮತಟ್ಟು ಮಾಡುವಾಗ ಬಿಟ್ಟ ನವಿರಾದ ಸಮಾನಾಂತರ ಗೆರೆಗಳನ್ನೂ.

ಜೀರ್ಣೋದ್ಧಾರದ ಆದರ್ಶವೂ ಕಾಲಕಾಲಕ್ಕೆ ಬದಲಾಗಿದೆ. ಹಿಂದೆ ಕನ್ನಡಿಯಂತಹ ಹೊಳಪೇ ಗುರಿಯಾಗಿತ್ತು. ಆದರೆ ಜೋಡಣೆ ಸಾಲಿನಿಂದ ನಿಮಿಷಕ್ಕೊಂದರಂತೆ ಇಳಿಯುತ್ತಿದ್ದ ಅಗ್ಗದ ಕಾರುಗಳಿಗೆ ಅಂತಹ ಹೊಳಪು ಎಂದೂ ಇರಲಿಲ್ಲ. ಜನರಲ್ ಮೋಟರ್ಸ್ ಅಕ್ರಿಲಿಕ್ ಲ್ಯಾಕರನ್ನೂ ಫೋರ್ಡ್ ಮತ್ತು ಕ್ರೈಸ್ಲರ್ ಎನಾಮಲನ್ನೂ ಬಳಸುತ್ತಿದ್ದವು. ಎನಾಮಲ್ ಬಳಿದ ಮೈಮೇಲೆ ಕಿತ್ತಳೆಯ ಸಿಪ್ಪೆಯಂತಹ ಸಣ್ಣ ತರಿಗಳು ಸಹಜವಾಗಿ ಇರುತ್ತಿದ್ದವು. ಇದನ್ನರಿತ ಇಂದಿನ ಪರಿಣತರು ಆ ತರಿಗಳನ್ನೂ, ಕೆಳಭಾಗಕ್ಕೆ ಅಡ್ಡಾದಿಡ್ಡಿ ಸಿಡಿದ ಬಣ್ಣವನ್ನೂ, ಬೋಲ್ಟ್ ಬಿಗಿಯಾಗಿದೆ ಎಂದು ತಪಾಸಕ ಹಚ್ಚಿದ ಬಣ್ಣದ ಚುಕ್ಕೆಯನ್ನೂ, ಸೀಮೆಸುಣ್ಣದ ಗೀಚನ್ನೂ ಹಳೆಯ ಫೋಟೊಗಳನ್ನು ನೋಡಿ ಮರುಸೃಷ್ಟಿಸುತ್ತಾರೆ. ಸಂಜೆಯ ಪಾಳಿ ಮುಗಿಸಿ ಮನೆಗೆ ಹೊರಡುವ ಆತುರದಲ್ಲಿ ಕೆಲಸಗಾರನೊಬ್ಬ ಮೆತ್ತಿದ ಸೀಲರಿನ ಕಲೆಯನ್ನು ಐವತ್ತು ವರ್ಷಗಳ ನಂತರ ದಿನಗಟ್ಟಲೆ ಕೂತು ನಕಲು ಮಾಡುವ ಈ ಶ್ರದ್ಧೆಯಲ್ಲಿ ಹಾಸ್ಯವೂ ಇದೆ, ದುಡಿಮೆಯ ಇತಿಹಾಸಕ್ಕೆ ಸಲ್ಲುವ ಒಂದು ಬಗೆಯ ಗೌರವವೂ ಇದೆ.

ಏನನ್ನೂ ಮುಟ್ಟದಿರುವುದೇ ಎಲ್ಲಕ್ಕಿಂತ ಮೇಲು ಎಂಬ ನಿಲುವಿಗೆ 2020ರ ಜನವರಿಯಲ್ಲಿ ದೊಡ್ಡ ಸಾಕ್ಷ್ಯ ಒದಗಿತು. 1968ರ ‘ಬುಲಿಟ್’ ಚಲನಚಿತ್ರದಲ್ಲಿ ಸ್ಟೀವ್ ಮಕ್ವೀನ್ ಓಡಿಸಿದ್ದ ಹಸಿರು ಮಸ್ಟಾಂಗನ್ನು 1974ರಲ್ಲಿ ಸುಮಾರು 6,000 ಡಾಲರಿಗೆ ಕೊಂಡಿದ್ದ ಕುಟುಂಬವೊಂದು ಅದನ್ನು ದಿನಬಳಕೆಯ ಕಾರಾಗಿ ಓಡಿಸಿತ್ತು, ಮಕ್ವೀನ್ ತಾನೇ ಪತ್ರ ಬರೆದು ಕೇಳಿದರೂ ಕೊಟ್ಟಿರಲಿಲ್ಲ. ಬಣ್ಣ ಮಾಸಿ, ಚಿತ್ರೀಕರಣದ ಕ್ಯಾಮೆರಾ ಕಟ್ಟಿದ ಗುರುತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದ ಆ ಕಾರು ಫ್ಲಾರಿಡದ ಕಿಸಿಮಿಯಲ್ಲಿ ನಡೆದ ಮೀಕಮ್ ಹರಾಜಿನಲ್ಲಿ ಶುಲ್ಕಗಳೂ ಸೇರಿ 37.4 ಲಕ್ಷ ಡಾಲರಿಗೆ ಮಾರಾಟವಾಯಿತು. ಅದಕ್ಕೆ ಹೊಸ ಬಣ್ಣ ಬಳಿಸಿದ್ದರೆ ಆ ಗುರುತುಗಳ ಜೊತೆಗೆ ಬೆಲೆಯ ಬಹುಭಾಗವೂ ಅಳಿಸಿಹೋಗುತ್ತಿತ್ತು.

ಹಳೆಯ ಒಡಲು, ಹೊಸ ಹೃದಯ

ಮಾರ್ಪಾಡಿನವರ ವಾದವನ್ನು ತಿಳಿಯಲು ಮಸಲ್ ಕಾರನ್ನು ಅದರ ಮೂಲಸ್ಥಿತಿಯಲ್ಲಿ ಓಡಿಸಿದರೆ ಸಾಕು. ನೇರ ರಸ್ತೆಯಲ್ಲಿ ಚಿಮ್ಮುವ ಆ ಕಾರು ತಿರುವಿನಲ್ಲಿ ವಾಲುತ್ತದೆ, ಹಲವು ಕಾರುಗಳ ನಾಲ್ಕೂ ಚಕ್ರಗಳಿಗಿದ್ದ ಡ್ರಮ್ ಬ್ರೇಕುಗಳು ಎರಡು ಮೂರು ಸಲ ಗಟ್ಟಿಯಾಗಿ ತುಳಿದರೆ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ, ಲೀಟರ್ ಪೆಟ್ರೋಲಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಹೆಚ್ಚು. ಅಂದಿನ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಜಾಗದ ಸವೆತವನ್ನು ತಡೆಯುತ್ತಿತ್ತು. ಸೀಸವಿಲ್ಲದ ಇಂದಿನ ಪೆಟ್ರೋಲಿಗೆ ಗಟ್ಟಿ ಉಕ್ಕಿನ ಬಳೆಗಳನ್ನು ಹಾಕಿಸಬೇಕು, ಅದರಲ್ಲಿ ಬೆರೆತಿರುವ ಎಥೆನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಕೊರೆಯುವುದರಿಂದ ಅವನ್ನೂ ಬದಲಿಸಬೇಕು. ಅಂದರೆ ಶುದ್ಧ ಜೀರ್ಣೋದ್ಧಾರದ ಪ್ರತಿಜ್ಞೆ ಮಾಡಿದವನೂ ಕಾರನ್ನು ಓಡಿಸಬೇಕೆಂದರೆ ಒಂದಷ್ಟು ಮಾರ್ಪಾಡಿಗೆ ಒಪ್ಪಲೇಬೇಕಾಗುತ್ತದೆ.

ಮಾರ್ಪಾಡಿನಲ್ಲೂ ಯುಗಗಳಿವೆ. 1980ರ ದಶಕದ ಪ್ರೊ ಸ್ಟ್ರೀಟ್ ಶೈಲಿಯಲ್ಲಿ ಹಿಂಭಾಗದ ನೆಲವನ್ನು ಕತ್ತರಿಸಿ ಅಡಿಗಟ್ಟಲೆ ಅಗಲದ ಟೈರು ತುರುಕಿ, ಬಾನೆಟ್ ಸೀಳಿಕೊಂಡು ಸೂಪರ್‌ಚಾರ್ಜರ್ ಹೊರಚಾಚುವಂತೆ ಮಾಡುತ್ತಿದ್ದರು. ನೋಟಕ್ಕೆ ಭಯಂಕರವಾದ, ಬಳಕೆಗೆ ಬಹುಮಟ್ಟಿಗೆ ನಿಷ್ಪ್ರಯೋಜಕವಾದ ಆ ಕಾರುಗಳಿಗಾಗಿ ಎಷ್ಟೋ ಒಳ್ಳೆಯ ಒಡಲುಗಳು ಬಲಿಯಾದವು. 1990ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಎಂಜಿನಿಯರ್ ಮಾರ್ಕ್ ಸ್ಟೀಲೋ 1969ರ ಕಮಾರೊಗಳನ್ನು ತಿರುವುಗಳಲ್ಲೂ ಚೆನ್ನಾಗಿ ಓಡುವಂತೆ ಕಟ್ಟಿ ತೋರಿಸಿದ ನಂತರ ಪ್ರೊ ಟೂರಿಂಗ್ ಎಂಬ ವಿವೇಕದ ಶೈಲಿ ಬೇರೂರಿತು. ದೊಡ್ಡ ಡಿಸ್ಕ್ ಬ್ರೇಕು, ಎತ್ತರ ಹೊಂದಿಸಬಲ್ಲ ಸ್ಪ್ರಿಂಗ್–ಷಾಕ್ ಜೋಡಿ, ನಿಖರವಾದ ಸ್ಟಿಯರಿಂಗ್, ಐದಾರು ಗೇರುಗಳ ಟ್ರೆಮೆಕ್ ಗೇರ್‌ಬಾಕ್ಸ್, ಕಾರ್ಬ್ಯುರೇಟರಿನ ಜಾಗದಲ್ಲೇ ಕೂತು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಸಾಧನ ಇದರ ಲಕ್ಷಣಗಳು. ಜೀರ್ಣೋದ್ಧಾರದ ಹೊರನೋಟ, ಮಾರ್ಪಾಡಿನ ಒಳಗು ಎರಡನ್ನೂ ಕೂಡಿಸಿದ ಇಂತಹ ಕಾರುಗಳನ್ನು ರೆಸ್ಟೊಮಾಡ್ ಎನ್ನುತ್ತಾರೆ.

ಈ ಎಲ್ಲ ಬದಲಾವಣೆಗಳ ನಡುವೆ ಒಂದು ಎಂಜಿನ್ ಬಳಗಕ್ಕೆ ವಿಶೇಷ ಸ್ಥಾನವಿದೆ. ಷೆವ್ರೊಲೆ 1955ರಲ್ಲಿ ತಂದ ಸ್ಮಾಲ್ ಬ್ಲಾಕ್ ವಿ-8, ಅಂದರೆ ನಾಲ್ಕು ನಾಲ್ಕು ಸಿಲಿಂಡರುಗಳು ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಸಾಲಾಗಿ ನಿಂತ ಚಿಕ್ಕ, ಹಗುರ, ಅಗ್ಗದ ಎಂಜಿನ್, ದಶಕಗಳ ಕಾಲ ಹವ್ಯಾಸಿಗಳ ಮೊದಲ ಆಯ್ಕೆಯಾಗಿತ್ತು; ಅದರ ಪರಂಪರೆಯ ಹತ್ತು ಕೋಟಿಯನೆಯ ಎಂಜಿನ್ 2011ರಲ್ಲಿ ಹೊರಬಂತು. 1997ರ ಕಾರ್ವೆಟ್‌ನೊಂದಿಗೆ ಕಾಣಿಸಿಕೊಂಡ ಅದರ ಉತ್ತರಾಧಿಕಾರಿಯಾದ ಎಲ್‌ಎಸ್-1 ಅಲ್ಯುಮಿನಿಯಮ್ಮಿನದು, 5.7 ಲೀಟರಿನದು, 345 ನಿವ್ವಳ ಅಶ್ವಶಕ್ತಿಯದು. ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವು ಸಿಲಿಂಡರುಗಳ ಮೇಲ್ಗಡೆ ಇರದೆ ಎಂಜಿನ್ನಿನ ನಡುವೆ ಅಡಗಿರುವುದರಿಂದ ಅದರ ಎತ್ತರ, ಅಗಲ ಎರಡೂ ಕಡಿಮೆ. ಹಳೆಯ ಕಾರಿನ ಗೂಡಿನಲ್ಲಿ ಅಷ್ಟಾಗಿ ತಿಣುಕಾಡದೆ ಕೂರುತ್ತದೆ. ಇದೇ ಬಳಗದ 5.3 ಲೀಟರಿನ ಎಂಜಿನ್‌ಗಳನ್ನು 1999ರಿಂದ ಪಿಕಪ್ ವಾಹನಗಳಲ್ಲಿ ಭಾರಿ ಸಂಖ್ಯೆಯಲ್ಲಿ ಬಳಸಿದ್ದರಿಂದ ಅಪಘಾತವಾದ ಪಿಕಪ್‌ಗಳು ಗುಜರಿಗೆ ಬಂದಂತೆಲ್ಲ ಈ ಎಂಜಿನ್‌ಗಳು ಅಗ್ಗವಾದವು. ಫೋರ್ಡ್ ಮಸ್ಟಾಂಗ್‌ಗೂ ಷೆವ್ರೊಲೆ ಎಂಜಿನ್ ಹಾಕುವವರನ್ನು ಕಂಡು ಫೋರ್ಡ್ ಅಭಿಮಾನಿಗಳು ಕನಲುತ್ತಾರೆ. ಆ ಸಿಟ್ಟು ತಾಂತ್ರಿಕ ಕಾರಣದ್ದಲ್ಲ, ಮನೆತನದ ಅಭಿಮಾನದ್ದು.

ಎರಡೂ ಪಂಗಡಗಳನ್ನು ಸಮಾನವಾಗಿ ಸಾಕುತ್ತಿರುವುದು ಬಿಡಿಭಾಗಗಳ ಮರುತಯಾರಿಕೆಯ ಉದ್ಯಮ. ಪ್ಲಿಮತ್ 2001ರಲ್ಲಿ, ಓಲ್ಡ್ಸ್‌ಮೊಬೀಲ್ 2004ರಲ್ಲಿ, ಪಾಂಟಿಯಾಕ್ 2010ರಲ್ಲಿ ಕಣ್ಮುಚ್ಚಿದವು. ಆದರೂ ಅವುಗಳ ಬಾಗಿಲಿನ ರಬ್ಬರು, ಹಿಂದಿನ ದೀಪ, ನೆಲದ ತಗಡು ಇಂದಿಗೂ ಹೊಸದಾಗಿ ದೊರೆಯುತ್ತವೆ. ಡೈನಾಕಾರ್ನ್ ಎಂಬ ಕಂಪನಿ 1967ರ ಮಸ್ಟಾಂಗ್, 1969ರ ಕಮಾರೊಗಳ ಇಡೀ ಒಡಲನ್ನೇ ಹೊಸ ತಗಡಿನಲ್ಲಿ ತಯಾರಿಸಿ ಮಾರುತ್ತದೆ. ಇಂತಹ ಒಡಲಿಗೆ ಹೊಸ ಎಂಜಿನ್, ಹೊಸ ಸೀಟು ಹಾಕಿ ಕಟ್ಟಿದ ಕಾರಿನಲ್ಲಿ 1969ರದ್ದು ಎನ್ನಬಹುದಾದದ್ದು ಆಕಾರ ಮಾತ್ರ. ಹಳೆಯ ಕಾರಿನ ಗುರುತಿನ ಫಲಕವನ್ನು ಕಿತ್ತು ಅದಕ್ಕೆ ಅಂಟಿಸುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧವಾಗಬಲ್ಲದು, ಆಗಬೇಕಾದದ್ದೂ ಹೌದು.

ಮೋಸದ ಹಿಂದಿರುವುದು ಬೆಲೆ. ಕ್ರೈಸ್ಲರ್‌ನ 426 ಹೆಮಿ ಎಂಜಿನ್, ಅಂದರೆ ಉರಿಯುವ ಕೋಣೆ ಅರ್ಧಗೋಳದ ಆಕಾರದಲ್ಲಿರುವ, 425 ಅಶ್ವಶಕ್ತಿಯದೆಂದು ಘೋಷಿಸಿದ್ದ ಎಂಜಿನ್, 1970ರಲ್ಲಿ ಪ್ಲಿಮತ್ ಕುಡಾ ಕಾರಿಗೆ ಸುಮಾರು 870 ಡಾಲರಿನ ಹೆಚ್ಚುವರಿ ಖರ್ಚಾಗಿತ್ತು. ವಿಮೆಯ ಹೊರೆಯೂ ಸೇರಿ ಬಹಳ ಮಂದಿ ಅದರ ಗೊಡವೆಗೇ ಹೋಗಲಿಲ್ಲ. ಹಾಗೆ ಅಪರೂಪವಾಗಿ ಉಳಿದ, ಛಾವಣಿ ತೆರೆಯುವ ಮಾದರಿಯ 1971ರ ಹೆಮಿ ಕುಡಾ ಒಂದು 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 35 ಲಕ್ಷ ಡಾಲರು ತಂದಿತು. ಅದೇ ಬಣ್ಣದ, ಅದೇ ಆಕಾರದ ಸಾಮಾನ್ಯ ಎಂಜಿನ್ನಿನ ಕಾರಿಗೂ ಇದಕ್ಕೂ ಇರುವ ಬೆಲೆಯ ಅಂತರವೇ ಉಜ್ಜಿ ಒತ್ತಿದ ಸಂಖ್ಯೆಗಳಿಗೂ ನಕಲಿ ಬಿಲ್ಲೆಗಳಿಗೂ ಹುಟ್ಟಿನ ಕಾರಣ. ನಕಲನ್ನು ನಕಲೆಂದು ಹೇಳಿಯೇ ಮಾರಿದರೆ ಯಾವ ದೋಷವೂ ಇಲ್ಲ. ಅಂತಹ ಕಾರುಗಳಿಗೂ ಮರ್ಯಾದೆಯ ಮಾರುಕಟ್ಟೆಯಿದೆ.

ಹೀಗಿರುವಾಗ ಎರಡು ಪಂಗಡಗಳ ಜಗಳವನ್ನು ಕಾರು ನೋಡಿ ಬಗೆಹರಿಸಬೇಕೇ ಹೊರತು ತತ್ತ್ವ ನೋಡಿ ಅಲ್ಲ. 69ರಲ್ಲೊಂದಾದ ಝಡ್‌ಎಲ್-1 ಕಮಾರೊಗೆ ಎಲ್‌ಎಸ್ ಎಂಜಿನ್ ಹಾಕುವುದು ಅವಿವೇಕ. ಮಾರುಕಟ್ಟೆಗೆ ಬಂದ ಮೊದಲ ಹನ್ನೆರಡು ತಿಂಗಳಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾದ ಮಸ್ಟಾಂಗ್‌ನ ಆರು ಸಿಲಿಂಡರಿನ ಸಾಮಾನ್ಯ ಮಾದರಿಗೆ ಒಳ್ಳೆಯ ಬ್ರೇಕು ಹಾಕಿಸಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದು ವಿವೇಕ. ಮೊದಲ ಯಜಮಾನರೇ 1960ರ ದಶಕದಲ್ಲಿ ಮಾಡಿದ ಮಾರ್ಪಾಡುಗಳನ್ನು ಉಳಿಸಿಕೊಂಡ ಕಾರುಗಳಿಗೆ ‘ಡೇ ಟೂ’ ಎಂಬ ಹೆಸರಿನಲ್ಲಿ ಕೆಲವು ಪ್ರದರ್ಶನಗಳು ಈಗ ಪ್ರತ್ಯೇಕ ವರ್ಗವನ್ನೇ ತೆರೆದಿವೆ. ಮಾರ್ಪಾಡೂ ಇತಿಹಾಸವೇ ಎಂದು ಶುದ್ಧತಾವಾದಿಗಳೇ ಒಪ್ಪಿಕೊಂಡ ಈ ಬೆಳವಣಿಗೆ ತಡವಾಗಿ ಬಂದರೂ ನ್ಯಾಯವಾದದ್ದು.

ಭಾರತದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿ ಮೊದಲ ಪಂಗಡದ ಕಡೆಗಿದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ವಿಂಟೇಜ್ ವಾಹನ ನಿಯಮಗಳು, 50 ವರ್ಷ ಮೀರಿದ ಮತ್ತು ಚಾಸಿ, ಒಡಲು, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳಿಗೆ ಮಾತ್ರ ವಿಎ ಅಕ್ಷರಗಳ ನೋಂದಣಿ ನೀಡುತ್ತವೆ. ಬೆಂಗಳೂರಿನ ಗ್ಯಾರೇಜಿನಲ್ಲಿ ರೆಸ್ಟೊಮಾಡ್ ಕಟ್ಟುವ ಕನಸು ಕಾಣುವವರು ಸ್ಪ್ಯಾನರ್ ಹಿಡಿಯುವ ಮೊದಲು ಈ ನಿಯಮಗಳನ್ನು ಓದಿಕೊಳ್ಳುವುದು ಒಳಿತು.

ಪಂಪ ಕನ್ನಡ ಕೂಟವನ್ನು ಕಟ್ಟಿಕೊಂಡು ಮಿಶಿಗನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಎರಡೂ ಪಂಗಡಗಳ ಕೈಕೆಲಸ ನೋಡಲು ದೂರ ಹೋಗಬೇಕಾಗಿಲ್ಲ. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ನಗರದ ಕಡೆಗೆ ಹೋಗುವ ವುಡ್‌ವರ್ಡ್ ಅವೆನ್ಯೂ 1960ರ ದಶಕದಲ್ಲಿ ತರುಣರು ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ ಕಟ್ಟುತ್ತಿದ್ದ ರಸ್ತೆ. ಅಲ್ಲಿ 1995ರಲ್ಲಿ ಫರ್ನ್‌ಡೇಲ್‌ನ ಫುಟ್ಬಾಲ್ ಮೈದಾನವೊಂದಕ್ಕೆ ಹಣ ಕೂಡಿಸಲೆಂದು ಆರಂಭವಾದ ಡ್ರೀಮ್ ಕ್ರೂಸ್ ಮೆರವಣಿಗೆ ಆಗಸ್ಟ್ ತಿಂಗಳ ಮೂರನೆಯ ಶನಿವಾರ ನಡೆಯುತ್ತದೆ. ರಸ್ತೆಯ ಬದಿಯಲ್ಲಿ ನಿಂತು ನೋಡುವುದಕ್ಕೆ ಟಿಕೆಟ್ ಬೇಕಿಲ್ಲ. ಮಡಚುವ ಕುರ್ಚಿಯೊಂದನ್ನು ಕೊಂಡೊಯ್ದರೆ ಸಾಕು.